ಸ್ಟೆಪ್ನಿ, ಗಾಳಿ ಪಂಪ್, ಪಂಕ್ಚರ್ ಕಿಟ್: ಕಾರಿನ ಡಿಕ್ಕಿಯಲ್ಲಿ ಯಾವುದಕ್ಕೆ ಜಾಗ ಕೊಡಬೇಕು?

ತುಮಕೂರಿನಿಂದ ಕೊರಟಗೆರೆ, ಮಧುಗಿರಿ ದಾಟಿ ಪಾವಗಡಕ್ಕೆ ತಿಂಗಳಿಗೆ ಎರಡು ಮೂರು ಸಲ ಕಾರಿನಲ್ಲಿ ಹೋಗಿಬರುವವನು ಎಂಬ ಒಂದೇ ಕಾರಣಕ್ಕೆ, ಹೊಸದಾಗಿ ಕಾರು ಕೊಂಡ ನೆಂಟರೂ ಗೆಳೆಯರೂ ನನ್ನನ್ನು ಕೇಳುವ ಪ್ರಶ್ನೆ ಹೆಚ್ಚೂಕಡಿಮೆ ಒಂದೇ ಆಗಿರುತ್ತದೆ. ಸ್ಟೆಪ್ನಿ ಹೇಗೂ ಇದೆಯಲ್ಲ, ಅದರ ಮೇಲೆ ಗಾಳಿ ತುಂಬುವ ಪಂಪನ್ನೂ ಕೊಳ್ಳಬೇಕೆ, ಪಂಕ್ಚರ್ ಕಿಟ್ ಇದ್ದರೆ ಸಾಕೆ, ತೂತು ಮುಚ್ಚಲು ಟೈರಿನೊಳಗೆ ಬಿಡುವ ದ್ರಾವಣ ಒಳ್ಳೆಯದೆ, ಅಥವಾ ಇನ್ಶೂರೆನ್ಸ್ ಜೊತೆ ಸಿಗುವ ರಸ್ತೆಬದಿ ನೆರವಿನ ಸೌಲಭ್ಯಕ್ಕೆ ಒಂದಿಷ್ಟು ಹಣ ಕಟ್ಟಿ ನಿಶ್ಚಿಂತೆಯಿಂದ ಇರಬಹುದೆ? ಎಲ್ಲವನ್ನೂ ಕೊಳ್ಳುವಷ್ಟು ಹಣವಿದ್ದರೂ ಎಲ್ಲವನ್ನೂ ಇಡುವಷ್ಟು ಜಾಗ ಡಿಕ್ಕಿಯಲ್ಲಿ ಇರುವುದಿಲ್ಲ; ಸಿಎನ್‌ಜಿ ಸಿಲಿಂಡರ್ ಕೂತಿರುವ ಕಾರಿನಲ್ಲಂತೂ ಒಂದು ಸೂಟ್‌ಕೇಸ್ ಹಿಡಿಸುವುದೇ ಕಷ್ಟ.

ಯಾವುದನ್ನು ಆರಿಸಿಕೊಳ್ಳಬೇಕೆಂಬುದು ನಮ್ಮ ರಸ್ತೆಗಳಲ್ಲಿ ಟೈರು ಹೇಗೆ ಕೈಕೊಡುತ್ತದೆ ಎಂಬುದರ ಮೇಲೆ ನಿಂತಿದೆ. ನಮ್ಮ ಸೀಮೆ ಜಾಲಿಯ ಸೀಮೆ. ಹೊಲದ ಬೇಲಿಗೆಂದು ಕಡಿದು ಎಳೆದೊಯ್ದ ಜಾಲಿಯ ಕೊಂಬೆಗಳಿಂದ ಉದುರಿದ ಮುಳ್ಳು ಹಳ್ಳಿಯ ರಸ್ತೆಯ ತುಂಬ ಬಿದ್ದಿರುತ್ತದೆ. ಹೆದ್ದಾರಿಯಲ್ಲಿ ಅದರ ಬದಲು ಲಾರಿಗಳಿಂದ ಬಿದ್ದ ಮೊಳೆ, ಬೋಲ್ಟು, ತಂತಿಯ ಚೂರು ಸಿಗುತ್ತವೆ. ಈಗಿನ ಬಹುತೇಕ ಕಾರುಗಳಲ್ಲಿ ಇರುವುದು ಟ್ಯೂಬ್‌ಲೆಸ್ ಟೈರು. ಟ್ಯೂಬ್ ಇರುವ ಟೈರಿಗೆ ಮೊಳೆ ಚುಚ್ಚಿದರೆ ಗಾಳಿ ಬಹುಬೇಗ ಹೋಗಿಬಿಡುತ್ತದೆ. ಟ್ಯೂಬ್‌ಲೆಸ್ ಟೈರು ಹಾಗಲ್ಲ, ಚುಚ್ಚಿದ ಮೊಳೆಯನ್ನೇ ರಬ್ಬರು ಬಿಗಿಯಾಗಿ ಅಪ್ಪಿ ಹಿಡಿದು ಗಾಳಿಯನ್ನು ಸ್ವಲ್ಪ ಸ್ವಲ್ಪವಾಗಿ ಬಿಟ್ಟುಕೊಡುತ್ತದೆ. ನನ್ನ ಅನುಭವದಲ್ಲಿ ಪಂಕ್ಚರ್‌ಗಳ ಪೈಕಿ ಹೆಚ್ಚಿನವು ಹೀಗೆ ನಿಧಾನವಾಗಿ ಗಾಳಿ ಇಳಿದವೇ. ಉಳಿದಂತೆ ವಾಲ್ವ್ ಸಡಿಲವಾಗುವುದು, ಗುಂಡಿಗೆ ಬಿದ್ದು ರಿಮ್ಮು ಬಗ್ಗಿ ಅಂಚಿನಲ್ಲಿ ಗಾಳಿ ಸೋರುವುದು, ಎಲ್ಲಕ್ಕಿಂತ ಕೆಟ್ಟದ್ದಾಗಿ ಚೂಪು ಕಲ್ಲಿಗೆ ಉಜ್ಜಿ ಟೈರಿನ ಪಕ್ಕದ ಗೋಡೆ ಸೀಳುವುದು, ಇವೂ ಇವೆ. ಗೋಡೆ ಸೀಳಿದ ಟೈರಿಗೆ ಯಾವ ಕಿಟ್ಟೂ ಯಾವ ದ್ರಾವಣವೂ ಉಪಯೋಗಕ್ಕೆ ಬರುವುದಿಲ್ಲ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಪ್ರತಿಯೊಂದು ಸಾಧನವನ್ನೂ ನಾಲ್ಕು ಪ್ರಶ್ನೆಗಳಿಂದ ಅಳೆಯಬೇಕೆಂಬುದು ನನ್ನ ಸಲಹೆ. ಮೇಲೆ ಹೇಳಿದ ದೋಷಗಳಲ್ಲಿ ಅದು ಯಾವುದನ್ನು ಸರಿಪಡಿಸುತ್ತದೆ? ಕಾರನ್ನು ನಿಜವಾಗಿ ಓಡಿಸುವವರು, ಅಂದರೆ ಅಂಗಡಿಯಲ್ಲಿ ನಿಂತು ಕೊಳ್ಳುವವರಲ್ಲ, ಕತ್ತಲಲ್ಲಿ ಒಬ್ಬರೇ ಅದನ್ನು ಬಳಸಬಲ್ಲರೆ? ಅದನ್ನು ಬಳಸಲು ರಸ್ತೆಯಂಚಿನಲ್ಲಿ ಎಷ್ಟು ಹೊತ್ತು ನಿಲ್ಲಬೇಕಾಗುತ್ತದೆ? ಕೊನೆಯದಾಗಿ, ಎರಡು ಮೂರು ಬೇಸಿಗೆ ಡಿಕ್ಕಿಯ ಕಾವಿನಲ್ಲಿ ಬಿದ್ದಿದ್ದ ಮೇಲೂ ಅದು ಕೆಲಸ ಮಾಡುತ್ತದೆಯೆ? ಬೆಲೆಯನ್ನು ನಾನು ಬೇಕೆಂದೇ ಈ ನಾಲ್ಕರಲ್ಲಿ ಸೇರಿಸಿಲ್ಲ. ಈ ಸಾಮಾನುಗಳ ನಡುವಿನ ಬೆಲೆಯ ಅಂತರ ಒಂದು ಹೊಸ ಟೈರಿನ ಬೆಲೆಗಿಂತ ಕಡಿಮೆ.

ಗಾಳಿಯೇ ಮೊದಲು

ಗಾಳಿ ನಿಧಾನವಾಗಿ ಇಳಿಯುವುದೇ ಹೆಚ್ಚು ಎಂದಾದರೆ, ಮೊದಲು ಕೊಳ್ಳಬೇಕಾದದ್ದು ಗಾಳಿ ತುಂಬುವ ಪಂಪು ಮತ್ತು ಗಾಳಿ ಅಳೆಯುವ ಗೇಜು. ಬೆಳಗ್ಗೆ 33 ಪಿಎಸ್‌ಐ (ಟೈರಿನ ಗಾಳಿಯ ಒತ್ತಡದ ಅಳತೆ) ಇದ್ದದ್ದು ಮಧ್ಯಾಹ್ನಕ್ಕೆ 24ಕ್ಕೆ ಇಳಿದಿದ್ದರೆ, ಮೊಳೆಯನ್ನು ಕೀಳದೆ, ಚಕ್ರವನ್ನು ಬಿಚ್ಚದೆ, ಮತ್ತೆ 33ರವರೆಗೆ ತುಂಬಿಸಿಕೊಂಡು ಹತ್ತಿರದ ಪಂಕ್ಚರ್ ಅಂಗಡಿಯವರೆಗೆ ನೆಮ್ಮದಿಯಾಗಿ ಹೋಗಬಹುದು. ಪಂಪು ಇಲ್ಲದವರು ಮಾಡುವ ತಪ್ಪು ಏನೆಂದರೆ, ಮುಂದಿನ ಊರು ಹತ್ತೇ ಕಿಲೋಮೀಟರ್ ಎಂದು ಗಾಳಿ ಇಳಿದ ಟೈರಿನಲ್ಲೇ ಓಡಿಸುವುದು. ಗಾಳಿ ತೀರ ಕಡಿಮೆಯಿದ್ದಾಗ ಟೈರಿನ ಪಕ್ಕದ ಗೋಡೆ ಪ್ರತಿ ಸುತ್ತಿಗೂ ಮಡಚಿಕೊಂಡು ಕಾದು ಒಳಗಿನ ಎಳೆಗಳು ಸಡಿಲಗೊಳ್ಳುತ್ತವೆ. ಅಂಗಡಿಯಲ್ಲಿ ಟೈರನ್ನು ರಿಮ್ಮಿನಿಂದ ಕಳಚಿದಾಗ ಒಳಗಿನಿಂದ ಕಪ್ಪು ರಬ್ಬರಿನ ಪುಡಿ ಉದುರಿದರೆ ಆ ಟೈರಿನ ಕಥೆ ಮುಗಿಯಿತೆಂದೇ ತಿಳಿಯಬೇಕು. ನೂರು ರೂಪಾಯಿಯ ಪಂಕ್ಚರ್ ಅಲ್ಲಿಗೆ ಹೊಸ ಟೈರಿನ ಖರ್ಚಾಗಿರುತ್ತದೆ.

ಪಂಪುಗಳಲ್ಲಿ ಮೂರು ಬಗೆ. ಐನೂರರಿಂದ ಸಾವಿರ ರೂಪಾಯಿಯ ಆಸುಪಾಸಿನಲ್ಲಿ ಸಿಗುವ ಕಾಲಿನಿಂದ ತುಳಿಯುವ ಪಂಪಿಗೆ ಕರೆಂಟು ಬೇಡ, ಬ್ಯಾಟರಿ ಬೇಡ, ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿದ್ದರೂ ಕೈಕೊಡುವುದಿಲ್ಲ. ಆದರೆ ಪೂರ್ತಿ ಇಳಿದ ಟೈರನ್ನು ತುಂಬಿಸಲು ನೂರಾರು ಸಲ ತುಳಿಯಬೇಕು; ಮೊಣಕಾಲು ನೋವಿರುವವರಿಗೆ ಇದನ್ನು ಹೇಳುವುದೇ ತಪ್ಪು. ಕಾರಿನ 12 ವೋಲ್ಟ್ ಸಾಕೆಟ್ಟಿಗೆ ಸಿಕ್ಕಿಸುವ ಪಂಪು ಸುಮಾರಾಗಿ ಒಂದೂವರೆಯಿಂದ ಮೂರು ಸಾವಿರದೊಳಗೆ ಸಿಗುತ್ತದೆ, ಅರ್ಧ ಇಳಿದ ಟೈರನ್ನು ಮೂರು ನಾಲ್ಕು ನಿಮಿಷದಲ್ಲಿ ತುಂಬಿಸುತ್ತದೆ. ಬ್ಯಾಟರಿ ಒಳಗೇ ಇರುವ, ಕೈಯಲ್ಲಿ ಹಿಡಿಯುವಂಥ ಪಂಪು ಇನ್ನೂ ಸ್ವಲ್ಪ ದುಬಾರಿ. ವೈರಿನ ಗೋಜಿಲ್ಲ, ಮನೆಯ ಸ್ಕೂಟರಿಗೂ ಸೈಕಲ್ಲಿಗೂ ಆಗುತ್ತದೆ.

ಈ ಕೊನೆಯ ಎರಡರ ನಡುವೆಯೇ ಹೆಚ್ಚಿನವರು ತೂಗಾಡುವುದು. ನನ್ನ ಮತ 12 ವೋಲ್ಟಿನ ಪಂಪಿಗೆ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ, ಅದೂ ಪಾವಗಡ ತಾಲ್ಲೂಕಿನ ತಿರುಮಣಿಯ ಸೋಲಾರ್ ಪಾರ್ಕಿನ ಕಡೆ ಮರದ ನೆರಳೇ ಸಿಗದ ಬಯಲಿನಲ್ಲಿ ನಿಲ್ಲಿಸಿದ ಕಾರಿನೊಳಗಿನ ಕಾವು ಲಿಥಿಯಂ ಬ್ಯಾಟರಿಗೆ ಒಳ್ಳೆಯದಲ್ಲ. ಅದೂ ಅಲ್ಲದೆ ಬಳಸದೆ ಇಟ್ಟ ಬ್ಯಾಟರಿಯ ಚಾರ್ಜು ತಾನಾಗಿಯೇ ಇಳಿಯುತ್ತಿರುತ್ತದೆ. ಬ್ಯಾಟರಿ ಪಂಪನ್ನು ತಿಂಗಳಿಗೊಮ್ಮೆ ಮನೆಗೆ ತಂದು ಚಾರ್ಜು ಮಾಡುವ ಶಿಸ್ತು ಇರುವವರು ಅದನ್ನು ಧಾರಾಳವಾಗಿ ಕೊಳ್ಳಬಹುದು. ಆ ಶಿಸ್ತು ನನಗಿಲ್ಲ. 12 ವೋಲ್ಟಿನ ಪಂಪು ಕೊಳ್ಳುವವರು ಪೆಟ್ಟಿಗೆಯ ಮೇಲೆ ಬರೆದಿರುವ ವ್ಯಾಟ್ ಲೆಕ್ಕವನ್ನು ಗಮನಿಸಬೇಕು: 120 ವ್ಯಾಟಿನದು 10 ಆಂಪಿಯರ್ ಎಳೆದರೆ 180 ವ್ಯಾಟಿನದು 15 ಆಂಪಿಯರ್ ಎಳೆಯುತ್ತದೆ, ಸಾಕೆಟ್ಟಿನ ಫ್ಯೂಸು ಅದಕ್ಕೆ ತಕ್ಕದ್ದಾಗಿರದಿದ್ದರೆ ಫ್ಯೂಸು ಹೋಗುತ್ತದೆ. ಪಂಪು ಓಡುವಾಗ ಎಂಜಿನ್ ಚಾಲೂ ಇರಲಿ. ಹತ್ತು ಹದಿನೈದು ನಿಮಿಷಕ್ಕಿಂತ ಹೆಚ್ಚು ಒಂದೇ ಸಮನೆ ಓಡಿಸಿದರೆ ಸಣ್ಣ ಪಂಪುಗಳು ಸುಟ್ಟುಹೋಗುತ್ತವೆ, ನಡುವೆ ಆರಲು ಬಿಡಬೇಕು. ವೈರು ಹಿಂದಿನ ಚಕ್ರದವರೆಗೆ ಎಟುಕುತ್ತದೆಯೇ ಎಂದು ಅಂಗಡಿಯ ಮುಂದೆಯೇ ನೋಡಿಕೊಳ್ಳುವುದು ಒಳ್ಳೆಯದು.

ಪಂಪು ಮನೆಯಲ್ಲಿರುವುದರಿಂದ ಇನ್ನೊಂದು ಲಾಭವೂ ಇದೆ. ಟೈರಿನ ಗಾಳಿಯನ್ನು ಅಳೆಯಬೇಕಾದದ್ದು ಟೈರು ತಣ್ಣಗಿರುವಾಗ, ಅಂದರೆ ಬೆಳಗ್ಗೆ ಕಾರನ್ನು ತೆಗೆಯುವ ಮುನ್ನ. ಪೆಟ್ರೋಲ್ ಬಂಕಿನಲ್ಲಿ ಗಾಳಿ ಉಚಿತವಾಗಿ ಸಿಗುತ್ತದೆ ನಿಜ, ಆದರೆ ಅಲ್ಲಿಗೆ ಮುಟ್ಟುವ ಹೊತ್ತಿಗೆ ಟೈರು ಕಾದು ಮೂರು ನಾಲ್ಕು ಪಿಎಸ್‌ಐ ಹೆಚ್ಚು ತೋರಿಸುತ್ತಿರುತ್ತದೆ; ಹೆಚ್ಚಾಗಿದೆಯೆಂದು ಅದನ್ನು ಬಿಡಿಸಿಕೊಂಡವರು ಮರುದಿನ ಬೆಳಗ್ಗೆ ಕಡಿಮೆ ಗಾಳಿಯಲ್ಲಿ ಹೊರಡುತ್ತಾರೆ. ಗಾಳಿ ಹೊಡೆಯುವ ಹುಡುಗ ‘ಎಷ್ಟು ಹೊಡೀಲಿ?’ ಎಂದು ಕೇಳಿದಾಗ ‘ಮೂವತ್ತೈದು ಹಾಕಪ್ಪ’ ಎನ್ನುವುದು ನಮ್ಮಲ್ಲಿ ರೂಢಿಯಾಗಿಬಿಟ್ಟಿದೆ. ಸರಿಯಾದ ಉತ್ತರ ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಅಂಟಿಸಿರುವ ಚೀಟಿಯಲ್ಲಿದೆ. ಇಬ್ಬರು ಕೂತಾಗ ಎಷ್ಟು, ಐವರು ಸಾಮಾನಿನೊಡನೆ ಕೂತಾಗ ಎಷ್ಟು ಎಂದು ಬೇರೆ ಬೇರೆಯಾಗಿ ಬರೆದಿರುತ್ತದೆ. ನೈಟ್ರೋಜನ್ ತುಂಬಿಸಬೇಕೇ ಎಂದು ಕೇಳುವವರಿಗೆ ಒಂದೇ ಮಾತು: ನಾವು ಉಸಿರಾಡುವ ಗಾಳಿಯಲ್ಲಿಯೇ 78 ಭಾಗ ನೈಟ್ರೋಜನ್ ಇದೆ, ತಿಂಗಳಿಗೆರಡು ಸಲ ಅಳೆಯುವವರಿಗೆ ಅದರ ಅಗತ್ಯ ಬೀಳದು.

ಸ್ಟೆಪ್ನಿ, ಜಾಕಿ, ಸ್ಪ್ಯಾನರ್

ಟೈರಿನ ಗೋಡೆ ಸೀಳಿದಾಗ ನಮ್ಮನ್ನು ಊರು ಸೇರಿಸುವುದು ಸ್ಟೆಪ್ನಿ ಒಂದೇ. ಆದ್ದರಿಂದ ಹಳ್ಳಿಗಾಡಿನ ರಸ್ತೆಯಲ್ಲಿ, ಕಲ್ಲು ಕ್ವಾರಿಗಳ ಟಿಪ್ಪರ್‌ಗಳು ಓಡಾಡುವ ದಾರಿಯಲ್ಲಿ ತಿರುಗುವವರು ಇದನ್ನು ಬಿಟ್ಟುಕೊಡುವ ಮಾತೇ ಇಲ್ಲ. ಆದರೆ ಅದು ಸುಸ್ಥಿತಿಯಲ್ಲಿ ಇರಬೇಕಲ್ಲ! ಎರಡು ವರ್ಷದ ಹಿಂದೆ ಮಿಡಿಗೇಶಿಯ ಹತ್ತಿರ ಹಿಂದಿನ ಎಡ ಟೈರು ಸೀಳಿದಾಗ ನಾನು ಸಾಮಾನನ್ನೆಲ್ಲ ರಸ್ತೆಬದಿಯ ಹುಲ್ಲಿನ ಮೇಲೆ ಇಳಿಸಿ, ಡಿಕ್ಕಿಯ ತಟ್ಟೆಯನ್ನು ಎತ್ತಿ, ಸ್ಟೆಪ್ನಿಯನ್ನು ತೆಗೆದು ನೆಲಕ್ಕೆ ಹಾಕಿದರೆ ಅದು ‘ಧಪ್’ ಎಂದು ಬಿದ್ದಲ್ಲೇ ಕೂತಿತು, ಸ್ವಲ್ಪವೂ ಪುಟಿಯಲಿಲ್ಲ. ಗೇಜು ಇಟ್ಟು ನೋಡಿದರೆ 11 ಪಿಎಸ್‌ಐ. ಕಾರು ಕೊಂಡಂದಿನಿಂದ ನಾನು ಅದಕ್ಕೆ ಒಮ್ಮೆಯೂ ಗಾಳಿ ತುಂಬಿಸಿರಲಿಲ್ಲ, ಟೈರಿನ ಗಾಳಿ ತಿಂಗಳಿಗೆ ಒಂದು ಪಿಎಸ್‌ಐನಷ್ಟು ತಾನಾಗಿಯೇ ಇಳಿಯುತ್ತದೆಂದು ಗೊತ್ತಿದ್ದೂ. ಅಂದು ಮಾನ ಉಳಿಸಿದ್ದು ಪಂಪೇ.

ಹೊಸ ಕಾರುಗಳಲ್ಲಿ ಹಲವಕ್ಕೆ ಕೊಡುವ ಸ್ಟೆಪ್ನಿ ಉಳಿದ ನಾಲ್ಕಕ್ಕಿಂತ ಚಿಕ್ಕದು ಅಥವಾ ತೆಳುವಾದದ್ದು ಎಂಬುದನ್ನೂ ನೋಡಿಕೊಳ್ಳಬೇಕು. ಅದರ ಮೇಲೆ ಗಂಟೆಗೆ 80 ಕಿಲೋಮೀಟರ್ ಎಂಬ ಚೀಟಿ ಇದ್ದರೆ ಅದನ್ನು ಪಂಕ್ಚರ್ ಅಂಗಡಿ ಸೇರುವವರೆಗಷ್ಟೇ ಬಳಸಬೇಕು. ತೀರ ತೆಳುವಾದ ತಾತ್ಕಾಲಿಕ ಚಕ್ರಗಳಿಗೆ 60 ಪಿಎಸ್‌ಐವರೆಗೆ ಗಾಳಿ ಬೇಕಾಗುತ್ತದೆ, ಅದರ ಪಕ್ಕದಲ್ಲೇ ಬರೆದಿರುತ್ತದೆ.

ಸ್ಟೆಪ್ನಿಯ ನಿಜವಾದ ತೊಡಕು ಇರುವುದು ನಟ್ಟಿನಲ್ಲಿ. ಸಾಧಾರಣ ಕಾರಿನ ಚಕ್ರದ ನಟ್ಟನ್ನು ಸುಮಾರು 100 ನ್ಯೂಟನ್ ಮೀಟರ್ ಬಿಗಿಯಲ್ಲಿ ಕೂರಿಸುತ್ತಾರೆ. ಕಾರಿನ ಜೊತೆ ಬರುವ ಗಿಡ್ಡ ಸ್ಪ್ಯಾನರಿನ ಹಿಡಿ 25 ಸೆಂಟಿಮೀಟರ್ ಇದೆಯೆಂದುಕೊಂಡರೆ ಅದರ ತುದಿಯ ಮೇಲೆ 40 ಕಿಲೋ ಭಾರ ಹಾಕಬೇಕು. ಅಂಗಡಿಯವರು ಗನ್ನಿನಲ್ಲಿ, ಅಂದರೆ ನಟ್ಟು ಬಿಗಿಯುವ ಯಂತ್ರದಲ್ಲಿ, ಬಿಗಿದಿದ್ದರೆ ಅದಕ್ಕಿಂತಲೂ ಎಷ್ಟೋ ಹೆಚ್ಚು. ಎಳೆದರೆ ಉದ್ದವಾಗುವ, 50 ಸೆಂಟಿಮೀಟರಿನ ಸ್ಪ್ಯಾನರ್ ಇದ್ದರೆ ಅದೇ ಕೆಲಸಕ್ಕೆ 20 ಕಿಲೋ ಸಾಕು. ನಾಲ್ಕು ಕೈಯ ಕೂಡುಸ್ಪ್ಯಾನರ್‌ನಲ್ಲಿ ಎರಡೂ ಕೈಯಿಂದ ಒತ್ತಬಹುದಾದ್ದರಿಂದ ಅದು ಇನ್ನೂ ಸಲೀಸು, ಆದರೆ ಡಿಕ್ಕಿಯಲ್ಲಿ ಅಡ್ಡಡ್ಡ ಕೂತು ಜಾಗ ತಿನ್ನುತ್ತದೆ. ಐನೂರು ರೂಪಾಯಿಯ ಆಸುಪಾಸಿನ ಈ ಒಂದು ಸ್ಪ್ಯಾನರು ಎರಡು ಸಾವಿರದ ಜಾಕಿಗಿಂತ ಹೆಚ್ಚು ಉಪಕಾರಿ ಎಂಬುದು ನನ್ನ ಖಚಿತ ಅಭಿಪ್ರಾಯ. ನಟ್ಟುಗಳನ್ನು ಚಕ್ರ ನೆಲದ ಮೇಲಿರುವಾಗಲೇ ಅರ್ಧ ಸುತ್ತು ಸಡಿಲಿಸಿಕೊಂಡು ಆಮೇಲೆ ಜಾಕಿ ಏರಿಸಬೇಕೆಂಬುದನ್ನು ಹೇಳಿಕೊಡುವವರು ಇಲ್ಲದೆ ಎಷ್ಟೋ ಜನ ಎತ್ತಿದ ಕಾರಿನೊಡನೆ ಕುಸ್ತಿ ಆಡುತ್ತಾರೆ.

ಜಾಕಿಯ ವಿಷಯದಲ್ಲಿ ಕಾರಿನೊಡನೆ ಬಂದ ಕತ್ತರಿ ಜಾಕಿಯೇ ಹೆಚ್ಚಿನವರಿಗೆ ಸಾಕು. ಬಾಟಲಿ ಆಕಾರದ ಹೈಡ್ರಾಲಿಕ್ ಜಾಕಿ ಜೀಪಿನಂಥ ಎತ್ತರದ ವಾಹನಕ್ಕೆ ಸೊಗಸಾಗಿ ಒಗ್ಗುತ್ತದೆಯಾದರೂ, ಗಾಳಿ ಹೋಗಿ ತಗ್ಗಿದ ಸಣ್ಣ ಕಾರಿನ ಅಡಿಗೆ ಅದು ತೂರುವುದೇ ಇಲ್ಲ. ಅದರ ಬದಲು ಒಂದು ಅಡಿ ಉದ್ದಗಲದ ಗಟ್ಟಿ ಹಲಗೆಯ ತುಂಡನ್ನು ಡಿಕ್ಕಿಯಲ್ಲಿ ಹಾಕಿಕೊಳ್ಳಿ. ಮಳೆ ಬಂದ ಮೇಲೆ ನಮ್ಮ ಕೆಮ್ಮಣ್ಣಿನ ರಸ್ತೆಬದಿಯಲ್ಲಿ ಜಾಕಿ ಮೇಲೇರುವ ಬದಲು ಕೆಳಗಿಳಿಯುತ್ತದೆ.

ಬತ್ತಿ ಮತ್ತು ದ್ರಾವಣ

ಪಂಕ್ಚರ್ ಕಿಟ್ಟಿನಲ್ಲಿ ಇರುವುದು ತೂತನ್ನು ಉಜ್ಜಿ ಅಗಲಿಸುವ ಒರಟು ಸೂಜಿ, ದಾರ ಪೋಣಿಸುವಂತೆ ಕಣ್ಣಿರುವ ಇನ್ನೊಂದು ಸೂಜಿ, ಮತ್ತು ದೀಪದ ಬತ್ತಿಯಂತಹ ಅಂಟು ರಬ್ಬರಿನ ಎಳೆಗಳು. ಇನ್ನೂರು ಮುನ್ನೂರು ರೂಪಾಯಿಗೂ ಸಿಗುತ್ತದೆ. ಮುಂದಿನ ಚಕ್ರವಾದರೆ ಸ್ಟೇರಿಂಗನ್ನು ಪೂರ್ತಿ ತಿರುಗಿಸಿದರೆ ಟ್ರೆಡ್, ಅಂದರೆ ಟೈರು ನೆಲಕ್ಕೆ ತಾಗುವ ಭಾಗ, ಹೊರಗೆ ಕಾಣುವುದರಿಂದ ಚಕ್ರ ಬಿಚ್ಚುವ ಅಗತ್ಯವೇ ಇಲ್ಲ. ಹಿಂದಿನದಾದರೆ ಮೊಳೆ ಎಟುಕುವ ಜಾಗಕ್ಕೆ ಬರುವಂತೆ ಕಾರನ್ನು ಒಂದಿಷ್ಟು ಮುಂದಕ್ಕೆ ಸರಿಸಬೇಕು. ಕೇಳಲು ಸುಲಭ. ಆದರೆ ಉಕ್ಕಿನ ತಂತಿಗಳಿರುವ ರೇಡಿಯಲ್ ಟೈರಿನೊಳಗೆ ಆ ಒರಟು ಸೂಜಿಯನ್ನು ಇಳಿಸಲು ಎರಡೂ ಕೈಯ ಬಲ, ಕೆಲವೊಮ್ಮೆ ಮೈಯ ಭಾರವೂ ಬೇಕು. ಜಾಲಿ ಮುಳ್ಳಿನದು ಬೇರೆಯೇ ಪಜೀತಿ: ಮುಳ್ಳು ಬುಡದಲ್ಲಿ ಮುರಿದು ತುದಿ ಮಾತ್ರ ಒಳಗುಳಿದಿರುತ್ತದೆ, ಸೋಪಿನ ನೀರು ಚಿಮುಕಿಸಿ ಗುಳ್ಳೆ ಏಳುವ ಜಾಗವನ್ನು ಕಣ್ಣಲ್ಲಿ ಕಣ್ಣಿಟ್ಟು ಹುಡುಕಬೇಕು. ಪಂಪು ಜೊತೆಗಿಲ್ಲದೆ ಈ ಕಿಟ್ಟಿಗೆ ಅರ್ಥವಿಲ್ಲ, ಏಕೆಂದರೆ ಬತ್ತಿ ತೂರಿಸುವಷ್ಟರಲ್ಲಿ ಗಾಳಿಯೆಲ್ಲ ಹೋಗಿರುತ್ತದೆ. ಟ್ರೆಡ್ ಭಾಗದಲ್ಲಿ 6 ಮಿಲಿಮೀಟರಿಗಿಂತ ಚಿಕ್ಕದಾದ ತೂತಿಗೆ ಮಾತ್ರ ಇದು ಸರಿ. ಆಮೇಲೂ ಅಂಗಡಿಯಲ್ಲಿ ಟೈರು ಕಳಚಿಸಿ ಒಳಗಿನಿಂದ ಪ್ಯಾಚ್ ಹಾಕಿಸುವುದು ಮೇಲು.

ದ್ರಾವಣದ ಡಬ್ಬಿಗೆ ನಾನು ಕೊನೆಯ ಸ್ಥಾನ ಕೊಡುತ್ತೇನೆ. ಚಕ್ರ ಬಿಚ್ಚದೆ, ಕೈ ಕೊಳೆ ಮಾಡಿಕೊಳ್ಳದೆ ವಾಲ್ವ್ ಮೂಲಕ ಒಳಗೆ ಬಿಡಬಹುದೆಂಬುದು ಅದರ ದೊಡ್ಡ ಗುಣ. ಆದರೆ ಅದು ಮುಚ್ಚುವುದು ಸಣ್ಣ ತೂತನ್ನು ಮಾತ್ರ, ಒಂದು ಸಲ ಬಳಸಿದರೆ ಮುಗಿಯಿತು, ಕೆಲವು ವರ್ಷದಲ್ಲಿ ಅವಧಿ ತೀರುತ್ತದೆ, ಅನಿಲ ಒತ್ತಿ ತುಂಬಿದ ಡಬ್ಬಿಗಳ ಮೇಲೆ 50 ಡಿಗ್ರಿಗಿಂತ ಹೆಚ್ಚಿನ ಕಾವಿನಲ್ಲಿ ಇಡಬಾರದೆಂದು ಬರೆದಿರುತ್ತದೆ. ಬೇಸಿಗೆಯ ಡಿಕ್ಕಿಯನ್ನು ನೆನೆಸಿಕೊಂಡರೆ ಸಾಕು. ಆಮೇಲೆ ಪಂಕ್ಚರ್ ಅಂಗಡಿಯವನು ಒಳಗಿನ ಅಂಟನ್ನು ಕೆರೆಯುತ್ತ ಗೊಣಗುವುದನ್ನು ಕೇಳಿಸಿಕೊಳ್ಳಬೇಕು. ಆದರೆ 2020ರ ನಿಯಮ ತಿದ್ದುಪಡಿಯ ನಂತರ, ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ ಮತ್ತು ರಿಪೇರಿ ಕಿಟ್ ಇರುವ ಟ್ಯೂಬ್‌ಲೆಸ್ ಕಾರುಗಳನ್ನು ಸ್ಟೆಪ್ನಿ ಇಲ್ಲದೆಯೂ ಮಾರಬಹುದಾಗಿದೆ. ಅಂತಹ ಕಾರು ಕೊಂಡವರಿಗೆ ಕಿಟ್ಟೇ ಗತಿ, ಆದ್ದರಿಂದ ಅದರ ಬಾಟಲಿಯ ಅವಧಿಯನ್ನು ವರ್ಷಕ್ಕೊಮ್ಮೆ ಓದಬೇಕು.

ಫೋನು ಮಾಡಿ ಕಾಯುವುದು

ನಟ್ಟು ಬಿಚ್ಚುವ ಶಕ್ತಿಯಿಲ್ಲದ ಹಿರಿಯರಿಗೆ, ರಾತ್ರಿ ಒಂಟಿಯಾಗಿ ಓಡಾಡುವ ಹೆಣ್ಣುಮಕ್ಕಳಿಗೆ ರಸ್ತೆಬದಿ ನೆರವಿನ ಸೌಲಭ್ಯ ಒಳ್ಳೆಯ ಆಯ್ಕೆ, ಹಿಂಜರಿಯುವ ಕಾರಣವಿಲ್ಲ. ತುಮಕೂರು, ಬೆಂಗಳೂರು ನಡುವಿನ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಅದು ಚೆನ್ನಾಗಿ ನಡೆಯುತ್ತದೆ. ಒಳರಸ್ತೆಯಲ್ಲಿ ಗಂಟೆಗಟ್ಟಲೆ ಕಾದ ಅನುಭವ ನನ್ನದು. ಪಾವಗಡದ ದಾರಿಯಲ್ಲಿ ಇನ್ನೊಂದು ತಮಾಷೆಯೂ ಇದೆ: ಆ ತಾಲ್ಲೂಕು ಬಹುಪಾಲು ಆಂಧ್ರದಿಂದ ಸುತ್ತುವರಿದಿರುವುದರಿಂದ ತುಮಕೂರಿನಿಂದ ಹೋಗುವಾಗ ನಡುವೆ ಆಂಧ್ರದ ನೆಲ ಹಾಯಬೇಕಾಗುತ್ತದೆ. ಅಲ್ಲಿ ಕಾರು ನಿಂತರೆ ಯಾವ ರಾಜ್ಯದಲ್ಲಿದ್ದೀರಿ ಎಂಬ ಪ್ರಶ್ನೆಗೆ ಉತ್ತರ ಹೇಳುವುದರಲ್ಲೇ ಐದು ನಿಮಿಷ ಹೋಗುತ್ತದೆ. ಸೌಲಭ್ಯ ಕೊಳ್ಳುವ ಮುನ್ನ ವರ್ಷಕ್ಕೆ ಎಷ್ಟು ಸಲ, ಎಷ್ಟು ಕಿಲೋಮೀಟರಿನವರೆಗೆ ಎಳೆದೊಯ್ಯುತ್ತಾರೆ ಎಂಬುದನ್ನು ಓದಿಕೊಳ್ಳಬೇಕು. ರಾಷ್ಟ್ರೀಯ ಹೆದ್ದಾರಿಯಲ್ಲಿ ತೊಂದರೆಯಾದರೆ 1033ಕ್ಕೆ, ಪ್ರಾಣಕ್ಕೆ ಅಪಾಯವಿದ್ದರೆ 112ಕ್ಕೆ ಕರೆ ಮಾಡಲು ಯಾವ ಸದಸ್ಯತ್ವವೂ ಬೇಡ.

ಯಾವ ಆಯ್ಕೆ ಮಾಡಿದರೂ ತ್ರಿಕೋನ ಫಲಕ, ತಲೆಗೆ ಕಟ್ಟಿಕೊಳ್ಳುವ ಟಾರ್ಚು, ಬೆಳಕಿಗೆ ಹೊಳೆಯುವ ಜಾಕೆಟ್ ಮಾತ್ರ ಇರಲೇಬೇಕು. ಮೂರೂ ಸೇರಿ ಸಾವಿರ ರೂಪಾಯಿಯ ಆಜುಬಾಜು. ಕಾರಿನ ಹಿಂದೆ ಸೊಪ್ಪಿನ ಕೊಂಬೆ ಹಾಕಿ ಕಲ್ಲಿಡುವ ನಮ್ಮ ಹಳೆಯ ಪದ್ಧತಿಯಲ್ಲಿ ಸೊಪ್ಪು ಕತ್ತಲಲ್ಲಿ ಕಾಣುವುದಿಲ್ಲ, ಕಲ್ಲನ್ನು ತೆಗೆಯದೆ ಹೊರಟುಹೋದರೆ ಹಿಂದೆ ಬರುವ ಬೈಕಿನವನ ಪಾಲಿಗೆ ಅದು ಯಮ. ತ್ರಿಕೋನವನ್ನು ಕನಿಷ್ಠ 50 ಮೀಟರ್, ಅಂದರೆ ಎಪ್ಪತ್ತು ಹೆಜ್ಜೆ ಹಿಂದೆ ಇಡಬೇಕು, ಹೆದ್ದಾರಿಯಲ್ಲಿ ಇನ್ನೂ ಹಿಂದೆ, ತಿರುವಿದ್ದರೆ ತಿರುವಿಗೂ ಮುಂಚೆ. ನಿಂತ ಜಾಗವೇ ಅಪಾಯಕರವಾಗಿದ್ದರೆ ಗಾಳಿಯಿಲ್ಲದ ಟೈರಿನಲ್ಲೇ ಮೆಲ್ಲಗೆ ಸುರಕ್ಷಿತ ಜಾಗಕ್ಕೆ ಹೋಗಿ. ರಿಮ್ಮು ಹಾಳಾದರೆ ಆಗಲಿ.

ಹಾಗಾದರೆ ಯಾರು ಏನು ಕೊಳ್ಳಬೇಕು? ಬೆಂಗಳೂರಿಗೆ ಹೆದ್ದಾರಿಯಲ್ಲೇ ಹೋಗಿಬರುವವರಿಗೆ 12 ವೋಲ್ಟಿನ ಪಂಪು, ಉದ್ದನೆಯ ಸ್ಪ್ಯಾನರು, ಇನ್ಶೂರೆನ್ಸಿನ ನೆರವು, ಇಷ್ಟು ಸಾಕು. ಅಂಗಡಿಗಳು ಹತ್ತಿರ ಹತ್ತಿರ ಇರುವುದರಿಂದ ಕಿಟ್ ಬೇಕಿಲ್ಲ. ತೋಟ, ಹೊಲ, ಹಳ್ಳಿಗಳ ನಡುವೆ ಓಡಾಡುವವರು ಅದರ ಮೇಲೆ ಬತ್ತಿಯ ಕಿಟ್ಟನ್ನೂ ಹಲಗೆಯನ್ನೂ ಸೇರಿಸಿಕೊಂಡು ನೆರವಿನ ಹಣವನ್ನು ಉಳಿಸಬಹುದು. ಹಳೆಯ ಕಾರಿನಲ್ಲಿ ಟ್ಯೂಬ್ ಇರುವ ಟೈರು ಇಟ್ಟುಕೊಂಡವರಿಗೆ ಕಿಟ್ಟೂ ದ್ರಾವಣವೂ ವ್ಯರ್ಥ, ಅವರು ಸ್ಟೆಪ್ನಿಯ ಕಡೆಗೇ ಗಮನ ಕೊಡಲಿ. ಕೈಯಲ್ಲಿ ಸಾವಿರ ರೂಪಾಯಿ ಮಾತ್ರ ಇದ್ದರೆ ಗೇಜಿರುವ ಕಾಲಿನ ಪಂಪು ಮತ್ತು ತ್ರಿಕೋನ. ಟೈರಿನ ಟ್ರೆಡ್ 1.6 ಮಿಲಿಮೀಟರಿನ ಗುರುತಿನವರೆಗೆ ಸವೆದಿದ್ದರೆ ಇದಾವುದನ್ನೂ ಈಗ ಕೊಳ್ಳಬೇಡಿ, ಆ ಹಣವನ್ನು ಹೊಸ ಟೈರಿಗೆ ಹಾಕಿ. ಕೊಳ್ಳುವಾಗ ಗೋಡೆಯ ಮೇಲಿನ ನಾಲ್ಕು ಅಂಕಿ ನೋಡಿ, 2324 ಎಂದಿದ್ದರೆ ಅದು 2024ರ 23ನೆಯ ವಾರದಲ್ಲಿ ತಯಾರಾದದ್ದು.

ಯಾವುದನ್ನಾದರೂ ಕೊಳ್ಳುವ ಮುನ್ನ ಒಂದು ಭಾನುವಾರ ಬೆಳಗ್ಗೆ ಮನೆಯ ಮುಂದೆ, ಕಾರನ್ನು ಓಡಿಸುವ ಪ್ರತಿಯೊಬ್ಬರ ಕೈಗೂ ಸ್ಪ್ಯಾನರು ಕೊಟ್ಟು ಒಂದೊಂದು ನಟ್ಟನ್ನು ಸಡಿಲಿಸಿ ಮತ್ತೆ ಬಿಗಿಯಲು ಹೇಳಿ. ನಮ್ಮ ಮನೆಯಲ್ಲಿ ಹೀಗೆ ಮಾಡಿದಾಗ ಹಿಂದಿನ ಬಲ ಚಕ್ರದ ಒಂದು ನಟ್ಟು ನನಗೂ ಜಗ್ಗಲಿಲ್ಲ, ಮಗಳಿಗೂ ಜಗ್ಗಲಿಲ್ಲ. ಪಂಕ್ಚರ್ ಅಂಗಡಿಗೆ ಹೋಗಿ ಅದನ್ನು ಸಡಿಲಿಸಿ, ಗನ್ನಿನ ಬದಲು ಕೈಯಿಂದಲೇ ಬಿಗಿಸಿಕೊಂಡು ಬಂದೆವು.